ಶ್ರವಣವೇ ಮೊದಲ ಪಾಠ: ಸ್ಪ್ಯಾನಿಷ್ ಸ್ವಾಧ್ಯಾಯದ ಕುರಿತು ಒಂದು ವಿಚಾರ

ತೊಟ್ಟಿಲ ಮಗು ಮೊದಲ ಮಾತನ್ನಾಡುವುದಕ್ಕೆ ಮುಂಚೆ ಹೆಚ್ಚುಕಡಿಮೆ ಒಂದು ವರ್ಷ ಕಾಲ ಸುಮ್ಮನೆ ಕೇಳುತ್ತದೆ. ಆ ಅವಧಿಯಲ್ಲಿ ಅದಕ್ಕೆ ಯಾರೂ ಪರೀಕ್ಷೆ ಒಡ್ಡುವುದಿಲ್ಲ. ಅದರ ತಪ್ಪುಗಳ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುವುದಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಒಪ್ಪಿಸೆಂದು ಕೇಳುವುದಿಲ್ಲ. ತಾಯಿ ಆಕಾಶದತ್ತ ಬೆರಳು ತೋರಿ 'ಚಂದಮಾಮ' ಎನ್ನುತ್ತಾಳೆ, ಮಗು ಚಂದ್ರನನ್ನು ನೋಡುತ್ತದೆ. ಅರ್ಥ ಮೊದಲು, ಮಾತು ಆಮೇಲೆ, ನಿಯಮ ಎಲ್ಲಕ್ಕಿಂತ ಕೊನೆಗೆ. ಪ್ರಕೃತಿಯ ಈ ಕ್ರಮವನ್ನು ತಲೆಕೆಳಗು ಮಾಡಿದ ಕೀರ್ತಿ ಶಾಲೆಗಳಿಗೆ ಸಲ್ಲುತ್ತದೆ. ಅಲ್ಲಿ ನಿಯಮ ಮೊದಲು ಬರುತ್ತದೆ, ಬರವಣಿಗೆ ಅದರ ಹಿಂದೆ ಬರುತ್ತದೆ. ಕೇಳುವುದಕ್ಕಂತೂ ವೇಳಾಪಟ್ಟಿಯಲ್ಲಿ ಸ್ಥಳವೇ ಇರುವುದಿಲ್ಲ.

ಇದರ ಫಲವನ್ನು ಗ್ರಾಮೀಣ ಪ್ರದೇಶದ ಪ್ರತಿಯೊಬ್ಬ ಶಿಕ್ಷಕರೂ ಕಂಡಿದ್ದಾರೆ. ಹಲವು ವರ್ಷ ಇಂಗ್ಲಿಷನ್ನು ಅಭ್ಯಸಿಸಿ, ಕ್ರಿಯಾಪದದ ಮೂರು ರೂಪಗಳನ್ನು ತಡವರಿಸದೆ ಹೇಳಬಲ್ಲ ಹುಡುಗನು ಎರಡು ನಿಮಿಷದ ಇಂಗ್ಲಿಷ್ ಸಂಭಾಷಣೆಯನ್ನು ಕೇಳಿ ಅರ್ಥಮಾಡಿಕೊಳ್ಳಲಾರನು. ಆತನು ಆಗ ಬರುವ ತೀರ್ಮಾನವಾದರೂ ಏನು? ಕಲಿಸಿದ ಕ್ರಮದಲ್ಲಿ ದೋಷವಿದೆಯೆಂದು ಆತನಿಗೆ ತೋರುವುದಿಲ್ಲ. ಪರಭಾಷೆ ತನ್ನ ಹಣೆಯಲ್ಲಿ ಬರೆದಿಲ್ಲವೆಂದು ನಂಬಿಬಿಡುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕ ಬುದ್ಧಿವಂತರು ಜೀವನಪರ್ಯಂತ ಹೊತ್ತು ತಿರುಗುವ ಕೀಳರಿಮೆಯ ಮೂಲ ಇಲ್ಲಿದೆ. ಈ ನಂಬಿಕೆ ಸುಳ್ಳೆಂಬುದನ್ನು ತೋರಿಸಲು ವಾದಕ್ಕಿಂತ ಪ್ರಯೋಗವೇ ಮೇಲು. ಶಾಲೆಯ ನೆನಪಾಗಲಿ, ಅಂಕಗಳ ಅಂಜಿಕೆಯಾಗಲಿ ಅಂಟಿಕೊಂಡಿರದ ಒಂದು ಹೊಸ ಭಾಷೆಯನ್ನು ಎತ್ತಿಕೊಂಡು, ಮಗುವಿನ ಕ್ರಮಕ್ಕೆ ಆದಷ್ಟು ಸಮೀಪವಾದ ಕ್ರಮದಲ್ಲಿ ತಾನಾಗಿಯೇ ಕಲಿತು ನೋಡಬೇಕು. ಅಂಥ ಪ್ರಯೋಗಕ್ಕೆ ಸ್ಪ್ಯಾನಿಷಿಗಿಂತ ಅನುಕೂಲವಾದ ಭಾಷೆ ಕನ್ನಡಿಗರಿಗೆ ಸುಲಭವಾಗಿ ಸಿಗದು.

ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ತಾಯ್ನುಡಿ. ಸ್ಪೇನಿನಿಂದ ಮೊದಲ್ಗೊಂಡು ಮೆಕ್ಸಿಕೊ, ಕೊಲಂಬಿಯಾ, ಪೆರು, ಚಿಲಿ, ಅರ್ಜೆಂಟೀನಾಗಳವರೆಗೆ 20 ಸ್ವತಂತ್ರ ರಾಷ್ಟ್ರಗಳ ಆಡಳಿತ ಅದರಲ್ಲಿ ನಡೆಯುತ್ತದೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಆ ಭಾಷೆಗೂ ಭಾರತಕ್ಕೂ ಸಂಬಂಧ ಹೊಸದೇನಲ್ಲ. ರವೀಂದ್ರನಾಥ ಠಾಕೂರರ ಕವಿತೆಗಳನ್ನು ಸೆನೋಬಿಯಾ ಕಂಪ್ರುಬಿ ಎಂಬ ವಿದುಷಿಯು ತನ್ನ ಪತಿ, ಕವಿ ಹುವಾನ್ ರಮೋನ್ ಹಿಮೆನೆಸ್ ಅವರ ನೆರವಿನಿಂದ 1915ರಿಂದ ಸ್ಪ್ಯಾನಿಷಿಗೆ ತಂದಳು. ಮೆಕ್ಸಿಕೊದ ಕವಿ ಒಕ್ತಾವಿಯೊ ಪಾಸ್ 1962ರಿಂದ 1968ರವರೆಗೆ ದೆಹಲಿಯಲ್ಲಿ ತಮ್ಮ ದೇಶದ ರಾಯಭಾರಿಯಾಗಿದ್ದರು. ಆದರೆ ಒಂದು ಸಂಗತಿಯನ್ನು ಇಲ್ಲಿ ಗಮನಿಸತಕ್ಕದ್ದು. ಕಂಪ್ರುಬಿಯು ಠಾಕೂರರನ್ನು ಭಾಷಾಂತರಿಸಿದ್ದು ಬಂಗಾಳಿಯಿಂದಲ್ಲ, ಇಂಗ್ಲಿಷಿನಿಂದ. ಲ್ಯಾಟಿನ್ ಅಮೆರಿಕದ ಕಾದಂಬರಿಗಳು ಕನ್ನಡಕ್ಕೆ ಬಂದಿರುವುದೂ ಬಹುಮಟ್ಟಿಗೆ ಇಂಗ್ಲಿಷಿನ ಹಾದಿಯಿಂದಲೇ. ಎರಡು ಮನೆಗಳ ನಡುವೆ ಬಾಗಿಲಿದ್ದರೂ ಮೂರನೆಯವರ ಅಂಗಳದ ಮೂಲಕವೇ ಹೋಗಿಬರುವ ಪರಿಸ್ಥಿತಿ ಇದು.

ಸ್ಪ್ಯಾನಿಷ್ ಕಲಿಯಬಯಸುವ ಕನ್ನಡಿಗರ ಸ್ಥಿತಿಯೂ ಇದೇ ಆಗಿದೆ. ಅವರ ಕೈಗೆ ಮೊದಲು ಬರುವುದು ಇಂಗ್ಲಿಷ್ ಬಲ್ಲವರಿಗಾಗಿ ಬರೆದ ಪುಸ್ತಕ. ಅದರಲ್ಲಿ ಇಂಗ್ಲಿಷರಿಗೆ ಕಷ್ಟವಾದದ್ದನ್ನೆಲ್ಲ ಕಷ್ಟವೆಂದೇ ವಿವರಿಸಿರುತ್ತಾರೆ. ಕನ್ನಡಿಗರು ತಮ್ಮದಲ್ಲದ ಆ ಕಷ್ಟಗಳನ್ನೂ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಉದಾಹರಣೆಗೆ ಉಚ್ಚಾರಣೆಯನ್ನೇ ನೋಡಬಹುದು. ಸ್ಪ್ಯಾನಿಷಿನಲ್ಲಿ ಐದೇ ಸ್ವರಗಳು. ಕನ್ನಡದ ಅ, ಎ, ಇ, ಒ, ಉ ಗಳನ್ನು ಬಲ್ಲ ಬಾಯಿಗೆ ಅವು ಅಪರಿಚಿತವಲ್ಲ. ಅದರ ತಕಾರ ದಕಾರಗಳು ಇಂಗ್ಲಿಷಿನವುಗಳಂತಲ್ಲದೆ ಕನ್ನಡದ ತ, ದ ಗಳಂತೆ ಹಲ್ಲಿಗೆ ನಾಲಗೆ ತಾಗಿಸಿ ಹುಟ್ಟುತ್ತವೆ. 'ಪೆರೊ' ಎಂದರೆ 'ಆದರೆ'. ರೇಫವನ್ನು ಒತ್ತಿ ಕಂಪಿಸಿ 'ಪೆರ್‍ರೊ' ಎಂದರೆ 'ನಾಯಿ'. ಈ ಭೇದವು ಇಂಗ್ಲಿಷರ ನಾಲಗೆಗೆ ತಿಂಗಳುಗಟ್ಟಲೆ ಒಲಿಯದು. ಹಳಗನ್ನಡದಲ್ಲಿ ರೇಫದ ಜೊತೆಗೆ ಶಕಟರೇಫವೆಂಬ ಬೇರೊಂದು ಅಕ್ಷರವನ್ನೇ ಇರಿಸಿಕೊಂಡಿದ್ದ ನಾಡಿನವರಿಗೆ ಇದು ಹೆದರಬೇಕಾದ ಸಂಗತಿಯಲ್ಲ.

ವ್ಯಾಕರಣದಲ್ಲಿಯೂ ಹೀಗೆಯೇ. 'ಆಬ್ಲೊ' ಎಂದರೆ 'ಮಾತನಾಡುತ್ತೇನೆ', 'ಆಬ್ಲಾಮೊಸ್' ಎಂದರೆ 'ಮಾತನಾಡುತ್ತೇವೆ'. ಕರ್ತೃಪದವನ್ನು ಹೇಳಲೇಬೇಕೆಂಬ ನಿರ್ಬಂಧವಿಲ್ಲ, ಕ್ರಿಯಾಪದದ ತುದಿಯೇ ಪುರುಷವಚನಗಳನ್ನು ತಿಳಿಸುತ್ತದೆ. ಕನ್ನಡದ ರೀತಿಯೂ ಇದೇ ಅಲ್ಲವೆ? 'ಮೆ ಗುಸ್ತಾ ಎಲ್ ಲಿಬ್ರೊ' ಎಂಬ ವಾಕ್ಯವನ್ನು ಇಂಗ್ಲಿಷ್ ಬಲ್ಲವರಿಗೆ ವಿವರಿಸಲು ಪಠ್ಯಪುಸ್ತಕಗಳು ಒಂದು ಅಧ್ಯಾಯವನ್ನೇ ಮೀಸಲಿಡುವುದುಂಟು. ಕನ್ನಡದಲ್ಲಿ ಅದು 'ನನಗೆ ಪುಸ್ತಕ ಇಷ್ಟವಾಗುತ್ತದೆ' ಎಂಬ ಸಹಜ ವಾಕ್ಯ. 'ನನಗೆ ತಲೆ ನೋಯುತ್ತದೆ' ಎಂಬುದನ್ನೂ ಸ್ಪ್ಯಾನಿಷ್ ಭಾಷಿಕರು ಅದೇ ಅಚ್ಚಿನಲ್ಲಿ ನುಡಿಯುತ್ತಾರೆ. ಸಲಿಗೆಗೆ 'ತೂ', ಗೌರವಕ್ಕೆ 'ಉಸ್ತೆದ್' ಎಂಬ ಭೇದವು 'ನೀನು', 'ನೀವು' ಗಳ ಭೇದವೇ. ಇಂಗ್ಲಿಷಿನ ಒಂದೇ ಸಹಾಯಕ ಕ್ರಿಯಾಪದವು ನಿಲ್ಲುವ ಕಡೆ ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದಗಳಿವೆ: ಒಬ್ಬರು ಶಿಕ್ಷಕರೆಂದು ಹೇಳಲು 'ಎಸ್', ಅವರು ಮನೆಯಲ್ಲಿದ್ದಾರೆಂದು ಹೇಳಲು 'ಎಸ್ತಾ'. ಕನ್ನಡವು 'ಅವರು ಶಿಕ್ಷಕರು' ಎಂಬಲ್ಲಿ ಕ್ರಿಯಾಪದವನ್ನೇ ಬಿಟ್ಟು, 'ಅವರು ಮನೆಯಲ್ಲಿದ್ದಾರೆ' ಎಂಬಲ್ಲಿ 'ಇರು' ಧಾತುವನ್ನು ಬಳಸುತ್ತದೆ. ಎರಡೂ ಭಾಷೆಗಳ ಗೆರೆ ಎಲ್ಲೆಡೆ ಒಂದೇ ಕಡೆ ಬೀಳುವುದಿಲ್ಲವಾದರೂ ಭೇದದ ಅರಿವು ಕನ್ನಡಿಗರಲ್ಲಿ ಮೊದಲೇ ಇದೆ. ಆದ್ದರಿಂದ ಕನ್ನಡಿಗರು ಸ್ಪ್ಯಾನಿಷಿಗೆ ಕನ್ನಡದಿಂದಲೇ ಹೊರಡತಕ್ಕದ್ದು. ಇಂಗ್ಲಿಷಿನ ಅಲ್ಪಸ್ವಲ್ಪ ಜ್ಞಾನವಿದ್ದರೆ ಲ್ಯಾಟಿನ್ ಮೂಲದ ನೂರಾರು ಪದಗಳು ಗುರುತು ಸಿಕ್ಕಿ ಸಹಾಯವಾಗುತ್ತದೆ. ಆದರೆ ಅದು ಊರುಗೋಲು ಮಾತ್ರ, ನಡೆಯುವ ಕಾಲು ಕನ್ನಡದ್ದೇ.

ಇನ್ನು ಕಲಿಯುವ ಕ್ರಮದ ವಿಚಾರ. ಅಮೆರಿಕದ ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರಾಶೆನ್ ಅವರು 1980ರ ದಶಕದಲ್ಲಿ ಒಂದು ವಾದವನ್ನು ಪ್ರಬಲವಾಗಿ ಮಂಡಿಸಿದರು. ಕಲಿಯುವವರು ಗ್ರಹಿಸಬಲ್ಲ, ಅವರ ಸದ್ಯದ ಮಟ್ಟಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲಿರುವ ಭಾಷೆಯನ್ನು ಹೇರಳವಾಗಿ ಕೇಳಿ ಓದುವುದರಿಂದಲೇ ಭಾಷೆ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ ಎಂಬುದು ಅದರ ಸಾರ. ಈ ವಾದದಲ್ಲಿ 'ಗ್ರಹಿಸಬಲ್ಲ' ಎಂಬ ಮಾತೇ ಜೀವಾಳ. ಅರ್ಥವಾಗದ ಸ್ಪ್ಯಾನಿಷ್ ಹಾಡನ್ನು ಸಾವಿರ ಸಲ ಕೇಳಿದರೂ ಕಿವಿಗೆ ಇಂಪಾದೀತೇ ಹೊರತು ಭಾಷೆ ಬಾರದು. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಶಿಕ್ಷಕರು ಚಿತ್ರ ಬರೆದು, ಸನ್ನೆ ಮಾಡಿ, ವಸ್ತುಗಳನ್ನು ಎತ್ತಿ ತೋರಿಸಿ ನಿಧಾನವಾಗಿ ನುಡಿಯುವ ಪಾಠಗಳೇ ಬೇಕು. ಇಂಥ ದೃಶ್ಯಪಾಠಗಳು ಈಗ ಸಾಮಾನ್ಯ ಮೊಬೈಲ್ ಫೋನಿನಲ್ಲಿಯೂ ದೊರೆಯುತ್ತವೆ. ಹಿಂದೆ ಶ್ರೀಮಂತರ ಮಕ್ಕಳು ಧ್ವನಿಮುದ್ರಿಕೆಗಳಿಗಾಗಿ ಹಣ ತೆರಬೇಕಾಗಿತ್ತು. ಇಂದು ಹಳ್ಳಿಯ ಹುಡುಗಿಯೂ ಬೊಗೊತಾ ನಗರದ ಶಿಕ್ಷಕಿಯ ಧ್ವನಿಯನ್ನು ಮನೆಯ ಜಗಲಿಯಲ್ಲಿ ಕುಳಿತು ಕೇಳಬಲ್ಲಳು.

ಶ್ರವಣಕ್ಕೆ ಇಷ್ಟು ಪ್ರಾಧಾನ್ಯವೇಕೆಂದು ಕೇಳಬಹುದು. ಪುಸ್ತಕದಿಂದ ಮಾತ್ರ ಕಲಿತವರು ಮೊದಲ ಸ್ಪ್ಯಾನಿಷ್ ಮಾತು ಕೇಳಿದಾಗ ತಬ್ಬಿಬ್ಬಾಗುತ್ತಾರೆ. ಫ್ರಾನ್ಸಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಸ್ಪ್ಯಾನಿಷ್ ಓದುವವರು ಸೆಕೆಂಡಿಗೆ ಸುಮಾರು 8 ಉಚ್ಚಾರಾಂಶಗಳನ್ನು ನುಡಿಯುತ್ತಾರೆ, ಇಂಗ್ಲಿಷ್ ಓದುವವರು ಸುಮಾರು 6 ಮಾತ್ರ. ಅಷ್ಟೇ ಅಲ್ಲ, ಸ್ಪ್ಯಾನಿಷಿನಲ್ಲಿ ಪದಗಳು ಒಂದರೊಳಗೊಂದು ಬೆರೆಯುತ್ತವೆ. 'ಲಾ ಅಮೀಗಾ' ಎಂಬ ಎರಡು ಪದಗಳು ಬಾಯಲ್ಲಿ 'ಲಾಮೀಗಾ' ಎಂದು ಒಂದಾಗುತ್ತವೆ. ಕನ್ನಡದ ಮಗುವು 'ಬಂದನೆಂದು' ಎಂಬುದರಲ್ಲಿ ಎರಡು ಪದಗಳಿವೆಯೆಂದು ಲೋಪಸಂಧಿಯ ಸೂತ್ರವಿಲ್ಲದೆಯೇ ತಿಳಿಯುತ್ತದೆ. ಸಾವಿರಾರು ಸಲ ಕೇಳಿದ ಕಿವಿಯೇ ಅದಕ್ಕೆ ಗುರು. ಸ್ಪ್ಯಾನಿಷಿನ ಸಂಧಿಗಳನ್ನು ಬಿಡಿಸಿಕೊಡುವ ಗುರುವೂ ಅದೇ. ಇದೇ ಕಾರಣದಿಂದ ಕನ್ನಡ ಲಿಪಿಯಲ್ಲಿ ಸ್ಪ್ಯಾನಿಷ್ ಪದಗಳನ್ನು ಬರೆದುಕೊಳ್ಳುವ ರೂಢಿಯು ಮೊದಲ ಕೆಲವು ವಾರಗಳಿಗೆ ಸಾಕು. ಲಿಪಿಯನ್ನು ಕಿವಿಯ ಸ್ಥಾನದಲ್ಲಿ ಕೂರಿಸಬಾರದು.

ಕಿವಿ ಸ್ವಲ್ಪ ಹದವಾದ ಮೇಲೆ ಪಠನದ ಸರದಿ. ಇಲ್ಲಿ ಉತ್ಸಾಹಿಗಳು ಮಾಡುವ ಒಂದು ಸಾಮಾನ್ಯ ತಪ್ಪಿದೆ. ಭಾಷೆಯ ಶಿಖರವನ್ನೇ ಮೊದಲು ಏರಬೇಕೆಂದು ಸೆರ್ವಾಂತೆಸನ 'ಡಾನ್ ಕಿಹೋಟೆ'ಯನ್ನೋ ಗಾರ್ಸಿಯಾ ಮಾರ್ಕೆಸನ ಕಾದಂಬರಿಯನ್ನೋ ಕೈಗೆತ್ತಿಕೊಳ್ಳುತ್ತಾರೆ. ಎರಡನೆಯ ಪುಟದಲ್ಲಿ ಸೋತು ಕೆಳಗಿಡುತ್ತಾರೆ. ಕನ್ನಡ ಕಲಿಯಬಂದ ಪರದೇಶಿಗೆ ಮೊದಲ ದಿನವೇ ಪಂಪಭಾರತವನ್ನು ಕೊಟ್ಟಂತೆ ಇದು. ನಿಘಂಟಿನ ನೆರವಿಲ್ಲದೆ ಕಥೆಯೊಂದನ್ನು ಸುಖವಾಗಿ ಓದಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು 98 ಪದಗಳ ಪರಿಚಯವಿರಬೇಕೆಂದು ಪದಸಂಪತ್ತಿನ ಅಧ್ಯಯನಕಾರರು 2000ದಲ್ಲಿ ಕಂಡುಕೊಂಡರು. ಹಾಗಾದರೆ ಆರಂಭದಲ್ಲಿ ಬೇಕಾದವು ಕೆಲವೇ ನೂರು ಪದಗಳಲ್ಲಿ ಬರೆದ, ಹಂತಹಂತವಾಗಿ ಏರುವ ಸಣ್ಣ ಕಥಾಪುಸ್ತಕಗಳು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಂಥ ಇಪ್ಪತ್ತು ಮೂವತ್ತು ಪುಸ್ತಕಗಳಾದ ಮೇಲೆ, ಉರುಗ್ವೆಯ ಲೇಖಕ ಒರಾಸಿಯೊ ಕಿರೋಗಾ 1918ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಕಾಡಿನ ಕಥೆಗಳಂಥವು ಕೈಗೆಟುಕುತ್ತವೆ. ಶಿಖರ ಎಲ್ಲಿಗೂ ಓಡಿಹೋಗುವುದಿಲ್ಲ.

ಪಠನದ ಶಕ್ತಿಗೆ ಹಂಗೆರಿಯ ಕಾತೊ ಲೋಂಬ್ (1909–2003) ಒಳ್ಳೆಯ ನಿದರ್ಶನ. ವಿಜ್ಞಾನದ ವಿದ್ಯಾರ್ಥಿನಿಯಾಗಿದ್ದ ಆಕೆ ಹತ್ತಕ್ಕೂ ಹೆಚ್ಚು ಭಾಷೆಗಳನ್ನು ಬಹುಪಾಲು ತಾನಾಗಿಯೇ ಕಲಿತು ದುಭಾಷಿಯಾಗಿ ಜೀವನ ನಡೆಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗೊಗೊಲನ ಕಾದಂಬರಿಯನ್ನು ಮುಂದಿಟ್ಟುಕೊಂಡು ರಷ್ಯನ್ ಕಲಿತರು. ತಿಳಿಯದ ಪ್ರತಿಯೊಂದು ಪದಕ್ಕೂ ನಿಘಂಟನ್ನು ತೆರೆಯದೆ, ಸಂದರ್ಭದಿಂದ ಊಹಿಸಿ ಮುಂದೆ ಸಾಗಬೇಕು, ನಿಜವಾಗಿ ಮುಖ್ಯವಾದ ಪದ ಮತ್ತೆ ಮತ್ತೆ ಎದುರಾಗಿ ತಾನೇ ಪರಿಚಯ ಹೇಳಿಕೊಳ್ಳುತ್ತದೆ ಎಂಬುದು ಆಕೆಯ ಪದ್ಧತಿಯ ತಿರುಳು. ಆಕೆಯನ್ನು ಅಪವಾದವೆಂದು ತಳ್ಳಿಹಾಕುವವರು ಫೀಜಿ ದ್ವೀಪಗಳ ಪ್ರಯೋಗವನ್ನು ನೋಡಬೇಕು. ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗೂಭಾಯಿ ಎಂಬ ವಿದ್ವಾಂಸರು ಅಲ್ಲಿನ ಗ್ರಾಮೀಣ ಪ್ರಾಥಮಿಕ ಶಾಲೆಗಳ 4 ಮತ್ತು 5ನೆಯ ತರಗತಿಗಳಿಗೆ 250ರಷ್ಟು ಚಿತ್ರಸಹಿತ ಇಂಗ್ಲಿಷ್ ಕಥಾಪುಸ್ತಕಗಳನ್ನು ಒದಗಿಸಿದರು. 1983ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಆ ಮಕ್ಕಳು ಎಂದಿನ ಕ್ರಮದಲ್ಲಿ ವಾಕ್ಯರಚನೆಗಳನ್ನು ಉರುಹೊಡೆದವರಿಗಿಂತ ಓದಿನಲ್ಲಿಯೂ ಕೇಳಿ ತಿಳಿಯುವುದರಲ್ಲಿಯೂ ಬಹಳ ಮುಂದೆ ಹೋದರು. ಆ ಮಕ್ಕಳಾರೂ ಅಸಾಧಾರಣರಲ್ಲ, ಪಟ್ಟಣದವರೂ ಅಲ್ಲ.

ಈ ಕ್ರಮಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಕೆನಡಾದ ಮೆರಿಲ್ ಸ್ವೇನ್ ಎಂಬ ವಿದುಷಿ 1985ರಲ್ಲಿ ಎತ್ತಿದ ಪ್ರಶ್ನೆ ಅವುಗಳಲ್ಲಿ ಮುಖ್ಯವಾದುದು. ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಕಲಿತ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚನ್ನು ಚೆನ್ನಾಗಿ ಗ್ರಹಿಸುತ್ತಿದ್ದರೂ ಮಾತಿನಲ್ಲಿ, ಬರವಣಿಗೆಯಲ್ಲಿ ವ್ಯಾಕರಣದ ತಪ್ಪುಗಳನ್ನು ಉಳಿಸಿಕೊಂಡಿದ್ದರು. ಕೇಳಿದರೆ ಓದಿದರೆ ಸಾಲದು, ಆಡಿಯೂ ನೋಡಬೇಕೆಂದು ಆಕೆ ವಾದಿಸಿದರು. ಇದು ಒಪ್ಪತಕ್ಕ ಮಾತು. ನೀರಿಗಿಳಿಯದೆ ಈಜು ಬಾರದು. ಕನ್ನಡಿಗರಿಗೆ ಅಡ್ಡಬರುವ ಅಂಶಗಳೂ ಸ್ಪ್ಯಾನಿಷಿನಲ್ಲಿ ಇದ್ದೇ ಇವೆ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬ ನಿಯಮ ಕನ್ನಡಕ್ಕೆ ವಿಚಿತ್ರ. 'ಮನೆಯಲ್ಲಿ' ಎಂದು ಪದದ ಹಿಂದೆ ಬರುವ ಪ್ರತ್ಯಯದ ಕೆಲಸವನ್ನು ಅಲ್ಲಿ ಪದದ ಮುಂದೆ ನಿಲ್ಲುವ ಅವ್ಯಯ ಮಾಡುತ್ತದೆ. ಬಯಕೆ, ಸಂದೇಹಗಳನ್ನು ಸೂಚಿಸುವ ಕ್ರಿಯಾರೂಪಗಳು ಬೇರೆಯೇ ಇವೆ. ಇವುಗಳಿಗೆ ವ್ಯಾಕರಣ ಪುಸ್ತಕದ ನೆರವು ಅವಶ್ಯ. ವಾದವಿರುವುದು ವ್ಯಾಕರಣ ಬೇಕೇ ಬೇಡವೇ ಎಂಬುದರ ಬಗ್ಗೆ ಅಲ್ಲ, ಯಾವಾಗ ಬೇಕು ಎಂಬುದರ ಬಗ್ಗೆ. ನೂರು ಸಲ ಕೇಳಿದ ರೂಪಕ್ಕೆ ನಿಯಮವನ್ನು ಹೇಳಿದರೆ ಅದು ದೀಪ ಹಚ್ಚಿದಂತೆ, ಕೇಳದ ರೂಪಕ್ಕೆ ನಿಯಮವನ್ನು ಹೇಳಿದರೆ ಬರಿಗೋಡೆಗೆ ದೀಪ ಹಿಡಿದಂತೆ.

ಇನ್ನೊಂದು ಪ್ರಶ್ನೆ ಕಾಲದ್ದು. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆಯು ಇಂಗ್ಲಿಷ್ ಭಾಷಿಕರಿಗೆ ಸ್ಪ್ಯಾನಿಷ್ ಕಲಿಸಲು 600ರಿಂದ 750 ತರಗತಿ ಗಂಟೆಗಳು ಬೇಕೆಂದು ಲೆಕ್ಕಹಾಕಿದೆ. ಅದೂ ನುರಿತ ಶಿಕ್ಷಕರ ಸನ್ನಿಧಿಯಲ್ಲಿ. ಗುರುವಿಲ್ಲದೆ ಕಲಿಯುವವರಿಗೆ ಅದಕ್ಕಿಂತ ಹೆಚ್ಚೇ ಬೇಕಾಗಬಹುದು. ದಿನಕ್ಕೆ ಒಂದು ಗಂಟೆಯಂತೆ ನಡೆಸಿದರೆ ಎರಡು ವರ್ಷಗಳಲ್ಲಿ 730 ಗಂಟೆಗಳಾಗುತ್ತವೆ. ನಲವತ್ತು ನಿಮಿಷ ಶ್ರವಣ, ಇಪ್ಪತ್ತು ನಿಮಿಷ ಪಠನ. ಕೇಳಿದ ಪಾಠವನ್ನೇ ಮರುದಿನ ಪುಸ್ತಕ ನೋಡುತ್ತ ಇನ್ನೊಮ್ಮೆ ಕೇಳುವುದು. ಆರು ತಿಂಗಳಾದ ಮೇಲೆ ವ್ಯಾಕರಣದ ಕಿರುಪುಸ್ತಕ. ಒಂದು ವರ್ಷವಾದ ಮೇಲೆ ಮಾತು, ಬರವಣಿಗೆ. ಇಷ್ಟೇ ಆ ಸಾಧನೆಯ ಕ್ರಮ. ಮೂರು ತಿಂಗಳಲ್ಲಿ ಭಾಷೆ ಕಲಿಸುವೆವೆಂಬ ಜಾಹೀರಾತುಗಳನ್ನು ನಂಬಿದವರು ನಾಲ್ಕನೆಯ ತಿಂಗಳು ನಿರಾಶರಾಗುತ್ತಾರೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ರಾಶಿ ಎಂಬುದನ್ನು ಬಲ್ಲ ಒಕ್ಕಲು ಮಕ್ಕಳಿಗೆ ಈ ಸಹನೆ ಹೊಸದಲ್ಲ. ತಮ್ಮ ಪ್ರಗತಿಯನ್ನು ಅಳೆದುಕೊಳ್ಳಬಯಸುವವರಿಗೆ ಆರಂಭಿಕ ಹಂತದಿಂದ ಪ್ರೌಢ ಹಂತದವರೆಗೆ ಆರು ಮಟ್ಟಗಳ ಅಂತರರಾಷ್ಟ್ರೀಯ ಪರೀಕ್ಷೆಗಳಿವೆ. ಅವುಗಳ ಪ್ರಮಾಣಪತ್ರ ನೀಡುವ ಸ್ಪೇನಿನ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರವು 2009ರಲ್ಲಿ ದೆಹಲಿಯಲ್ಲಿ ಆರಂಭವಾಯಿತು.

ಇದರಲ್ಲಿ ಶಾಲೆಗೇನು ಸಂಬಂಧವೆಂದು ಕೇಳಬಹುದು. ಸ್ಪ್ಯಾನಿಷನ್ನು ಪಠ್ಯವಿಷಯವನ್ನಾಗಿ ಮಾಡಬೇಕೆಂಬುದು ಇಲ್ಲಿನ ಸಲಹೆಯಲ್ಲ. ಹಾಗೆ ಮಾಡಿದ ಮರುವರ್ಷವೇ ಅದಕ್ಕೂ ಪ್ರಶ್ನೋತ್ತರ ಮಾಲಿಕೆಗಳು ಹುಟ್ಟಿಕೊಳ್ಳುತ್ತವೆ. ಶಾಲೆಯಿಂದ ಆಗಬೇಕಾದುದು ಬೇರೆ. ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಸ್ಪ್ಯಾನಿಷನ್ನು ಈ ಕ್ರಮದಲ್ಲಿ ಕಲಿತು, ತಾವು ನಡೆದ ದಾರಿಯನ್ನು ಮಕ್ಕಳ ಮುಂದೆ ಬಿಚ್ಚಿಟ್ಟರೆ, 'ಭಾಷೆ ನನ್ನ ಹಣೆಯಲ್ಲಿಲ್ಲ' ಎಂಬ ನಂಬಿಕೆಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಶಿಕ್ಷಕ ಬಂಧುಗಳು ಅದೇ ಕ್ರಮವನ್ನು ಇಂಗ್ಲಿಷಿಗೂ ಹಿಂದಿಗೂ ಅನ್ವಯಿಸಿ, ವಾರಕ್ಕೆರಡು ಅವಧಿಗಳನ್ನು ಪರೀಕ್ಷೆಯ ಸೋಂಕಿಲ್ಲದ ಶ್ರವಣಕ್ಕೂ ಕಥಾಪಠನಕ್ಕೂ ಬಿಟ್ಟುಕೊಟ್ಟರೆ ನಷ್ಟವೇನೂ ಆಗದು. ದಾನಿಗಳ ಔದಾರ್ಯದಿಂದ ಎಷ್ಟೋ ಶಾಲೆಗಳಲ್ಲಿ ಕೊಠಡಿಗಳೆದ್ದಿವೆ, ಗೋಡೆಗಳ ಮೇಲೆ ಅವರ ಹೆಸರಿನ ಕಲ್ಲುಗಳು ಬೆಳಗುತ್ತಿವೆ. ಒಂದು ಕೊಠಡಿಯ ವೆಚ್ಚದ ಸಣ್ಣ ಅಂಶದಲ್ಲಿ ಇನ್ನೂರೈವತ್ತು ಕಥಾಪುಸ್ತಕಗಳೂ ಕೇಳುವ ಕೆಲವು ಸಾಧನಗಳೂ ಬರುತ್ತವೆಂಬುದನ್ನು ಅವರ ಗಮನಕ್ಕೆ ತರುವುದು ಅನುಚಿತವಾಗಲಾರದು. ಅವುಗಳ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು, ಪುಟಗಳು ಹರಿದು ಅಂಚುಗಳು ಸವೆದದ್ದೇ ಅವುಗಳ ಸಾರ್ಥಕತೆಯ ಗುರುತು.

ದೇಶ ಸುತ್ತು, ಇಲ್ಲವೇ ಕೋಶ ಓದು ಎಂದರು ಹಿರಿಯರು. ದೇಶ ಸುತ್ತುವ ಭಾಗ್ಯ ಎಲ್ಲರಿಗೂ ಇಲ್ಲ. ಆದರೆ ಕಿವಿಯನ್ನೂ ಕಣ್ಣನ್ನೂ ದಿನಕ್ಕೊಂದು ಗಂಟೆ ತೆರೆದಿಟ್ಟವರಿಗೆ ಇಪ್ಪತ್ತು ದೇಶಗಳ ಮಾತು ಮನೆಯ ಜಗಲಿಗೇ ಬಂದು ಕೂಡುತ್ತದೆ. ಅದನ್ನು ಬರಮಾಡಿಕೊಳ್ಳಲು ಕನ್ನಡದ ಮಕ್ಕಳು ಬೇರೆ ಯಾರ ಅಂಗಳದಲ್ಲಿಯೂ ಅಪ್ಪಣೆ ಕೇಳಬೇಕಾಗಿಲ್ಲ.